ಎಂಟಿಬಿಯಿಂದ (ಮೌಂಟನ್ ಬೈಕ್, ಮಣ್ಣಿನ ದಾರಿಯ ಸೈಕಲ್) ರೋಡ್ ಬೈಕಿಗೆ ಬರೋರು ಮೊದಲು ಏನು ನೋಡ್ಬೇಕು?

"ಆರು ವರ್ಷದಿಂದ ಎಂಟಿಬಿನೇ ಓಡಿಸ್ತಿದೀನಿ, ಈಗೀಗ ಮಣ್ಣಿನ ದಾರಿಗಿಂತ ಟಾರ್ ರೋಡೇ ಜಾಸ್ತಿ ಆಗಿದೆ. ಒಂದು ರೋಡ್ ಬೈಕ್ ತಗೋಳ್ಳೋಣ ಅಂತಿದೀನಿ, ತೀರಾ ಅಗ್ಗದ್ದೂ ಬೇಡ, ರೇಸ್‌ನೋರು ಓಡಿಸೋ ದುಬಾರಿದೂ ಬೇಡ, ಮಧ್ಯದ್ದು. ಟಿಯಾಗ್ರಾ ಸಾಕಾ, 105 ಬೇಕೇ ಬೇಕಾ? ಕಾರ್ಬನ್ ತಗೋಳ್ಳೋದಾ, ಅಲ್ಯೂಮಿನಿಯಂ ಸಾಕಾ?"

ಈ ಪ್ರಶ್ನೆ ಯಾರು ಕೇಳಿದ್ರೂ ಹೆಚ್ಚುಕಮ್ಮಿ ಹಿಂಗೇ ಕೇಳ್ತಾರೆ, ಗ್ರೂಪ್‌ಸೆಟ್ (ಗೇರ್, ಬ್ರೇಕ್, ಕ್ರ್ಯಾಂಕ್ ಸೇರಿದ ಸೆಟ್; ಟಿಯಾಗ್ರಾ, 105 ಎರಡೂ ಶಿಮಾನೋ ಕಂಪನೀವು, 105 ಒಂದು ಮೆಟ್ಟಿಲು ಮೇಲೆ) ಹೆಸರಿಂದ್ಲೇ ಶುರು. ನನ್ನ ಲೆಕ್ಕದಲ್ಲಿ ಅದು ನಾಲ್ಕನೇ ಮಾತು. ಮೊದಲು ನೋಡ್ಬೇಕಾಗಿರೋದು ಸೈಕಲ್ ಮೇಲೆ ನೀವು ಹೆಂಗೆ ಕೂರ್ತೀರ ಅನ್ನೋದು, ಆಮೇಲೆ ಎಷ್ಟು ದಪ್ಪದ ಟೈರ್ ಹಿಡಿಸತ್ತೆ, ಆಮೇಲೆ ಏರಲ್ಲಿ ಎಷ್ಟು ಹಗುರ ಗೇರ್ ಸಿಗತ್ತೆ. ಈ ಮೂರೂ ಸರಿ ಇದ್ರೆ ಟಿಯಾಗ್ರಾದಲ್ಲೂ ಆರಾಮಾಗಿ ನೂರು ಕಿಲೋಮೀಟರ್ ಹೋಗ್ಬಹುದು, ಮೊದಲನೇದೇ ಕೆಟ್ರೆ 105 ಇದ್ರೂ ಅಷ್ಟೆ.

ನಾನೇ ಅಲ್ಲಿ ಎಡವಿದೋನು. ಮೊದಲ ರೋಡ್ ಬೈಕ್ ತಗೊಳ್ವಾಗ ಎತ್ತಿ ನೋಡ್ದೆ, ಎರಡು ಬೆರಳಿಗೆ ಎದ್ದು ಬಂತು, ಅಷ್ಟಕ್ಕೇ ಮರುಳಾಗಿ ರೇಸ್ ಫ್ರೇಮ್ ತಗೊಂಡ್ಬಿಟ್ಟೆ. ಮೂವತ್ತು ಕಿಲೋಮೀಟರ್ ದಾಟೋಷ್ಟರಲ್ಲಿ ಕತ್ತು ಹಿಡ್ಕೊಳ್ಳೋದು, ಕಿರುಬೆರಳು ಜೋಮು ಹಿಡಿಯೋದು, ಡ್ರಾಪ್ಸ್‌ಗೆ (ಹ್ಯಾಂಡಲ್‌ನ ಕೆಳಕ್ಕೆ ಬಾಗಿದ ಭಾಗ) ಕೈ ಇಟ್ರಂತೂ ಮುಂದಿನ ಚಕ್ರ ಬಿಟ್ರೆ ಬೇರೇನೂ ಕಾಣ್ತಿರ್ಲಿಲ್ಲ. ಮೈ ಬಗ್ತಿಲ್ಲ ಅಂತ ಆರು ತಿಂಗಳು ನನ್ನನ್ನೇ ಬೈಕೊಂಡು ಓಡಿಸ್ದೆ, ಜಿಯೊಮೆಟ್ರಿ ಚಾರ್ಟ್ (ಫ್ರೇಮಿನ ಅಳತೆಪಟ್ಟಿ) ಓದೋದು ಕಲಿತ ಮೇಲೆ ಗೊತ್ತಾಯ್ತು ಎಡವಟ್ಟು ಇದ್ದಿದ್ದು ಸ್ಟ್ಯಾಕ್‌ನಲ್ಲಿ ಅಂತ.

ಸ್ಟ್ಯಾಕ್ ಅಂದ್ರೆ ಪೆಡಲ್ ಕ್ರ್ಯಾಂಕ್ ತಿರುಗೋ ನಡುಬಿಂದುವಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದೆ, ಹ್ಯಾಂಡಲ್ ಕೆಳಗಿರೋ ಕೊಳವೆ) ಮೇಲ್ತುದಿ ಎಷ್ಟು ಮೇಲಿದೆ ಅನ್ನೋ ಅಳತೆ, ರೀಚ್ ಅಂದ್ರೆ ಅದೇ ಬಿಂದುವಿಂದ ಅದು ಎಷ್ಟು ಮುಂದಿದೆ ಅನ್ನೋದು. 54 ಸೈಜಿನ ರೇಸ್ ಫ್ರೇಮ್‌ನಲ್ಲಿ ಸ್ಟ್ಯಾಕ್ ಸುಮಾರು 540 ಮಿ.ಮೀ. ಇದ್ರೆ ಎಂಡ್ಯೂರೆನ್ಸ್ (ದೂರದ ಸವಾರಿಗೆ ಆರಾಮಾಗಿ ಕೂರೋ ಥರದ) ಫ್ರೇಮ್‌ನಲ್ಲಿ 570ರ ಆಸುಪಾಸು ಇರತ್ತೆ. ಮೂರು ಸೆಂಟಿಮೀಟರ್ ತಾನೇ ಅನ್ಸತ್ತೆ, ಆದ್ರೆ ಎರಡನೇ ಗಂಟೇಲಿ ಅದು ಏನು ಅಂತ ಕತ್ತಿಗೆ ಗೊತ್ತಾಗತ್ತೆ. ಟ್ರೆಕ್ ಡೊಮಾನೆ, ಜೈಂಟ್ ಡಿಫೈ, ಕ್ಯಾನನ್‌ಡೇಲ್ ಸಿನಾಪ್ಸ್, ಸ್ಪೆಷಲೈಸ್ಡ್ ರೂಬೆ ಇವೆಲ್ಲ ಎಂಡ್ಯೂರೆನ್ಸ್ ಜಾತಿ. ಸ್ಪೆಷಲೈಸ್ಡ್ ಟಾರ್ಮ್ಯಾಕ್, ಜೈಂಟ್ ಟಿಸಿಆರ್ ಥರದ್ದು ರೇಸ್ ಜಾತಿ. ಎಂಟಿಬಿಯಿಂದ ಬರೋರಿಗೆ ಮೊದಲನೇ ಗುಂಪೇ ಸರಿ ಅಂತ ನಾನು ಕಣ್ಣುಮುಚ್ಚಿ ಹೇಳ್ತೀನಿ.

ಇಲ್ಲೇ ಇನ್ನೊಂದು ಕಡೆ ಜನ ಮೋಸ ಹೋಗ್ತಾರೆ. ನಿಮ್ಮ ಎಂಟಿಬಿಯ ರೀಚ್ 450 ಇರ್ಬಹುದು, ರೋಡ್ ಬೈಕ್ ಚಾರ್ಟ್ ನೋಡಿದ್ರೆ 380 ಅಂತಿರತ್ತೆ, ಅಯ್ಯೋ ಚಿಕ್ಕದಾಯ್ತು ಅಂತ ದೊಡ್ಡ ಸೈಜಿಗೆ ಹೋಗ್ಬಿಡ್ತಾರೆ. ಹೋಗ್ಬೇಡಿ. ಎಂಟಿಬಿಯಲ್ಲಿ ಸ್ಟೆಮ್ (ಹ್ಯಾಂಡಲನ್ನ ಹಿಡಿಯೋ ತುಂಡು) 40-50 ಮಿ.ಮೀ. ಇದ್ರೆ ಇಲ್ಲಿ 90-100 ಇರತ್ತೆ, ಅದರ ಮೇಲೆ ಡ್ರಾಪ್ ಹ್ಯಾಂಡಲ್‌ಬಾರ್ ಇನ್ನೊಂದು 70-80 ಮುಂದಕ್ಕೆ ಹೋಗತ್ತೆ, ಅದರ ತುದೀಲಿ ಕೈ ಇಡೋ ಹುಡ್ (ಬ್ರೇಕ್ ಲಿವರಿನ ರಬ್ಬರ್ ಹಿಡಿಕೆ) ಬೇರೆ. ಎಲ್ಲ ಕೂಡಿದ್ರೆ ರೋಡ್ ಬೈಕೇ ಉದ್ದ. ಅನುಮಾನ ಇದ್ರೆ ಎರಡು ಸೈಜಲ್ಲಿ ಚಿಕ್ಕದು ತಗೊಳ್ಳಿ.

"ಎಂಡ್ಯೂರೆನ್ಸ್ ಅಂದ್ರೆ ಸ್ಲೋ ಅಲ್ವಾ?" ಅಂತ ಮುಂದಿನ ಪ್ರಶ್ನೆ ಬರತ್ತೆ. ಮೂವತ್ತರ ಸ್ಪೀಡಲ್ಲಿ ನಿಮ್ಮನ್ನ ಹಿಡಿದು ನಿಲ್ಲಿಸೋದು ಬಹುಪಾಲು ಗಾಳಿ, ಆ ಗಾಳಿಗೆ ಅಡ್ಡ ಬರೋದು ಬಹುಪಾಲು ನಿಮ್ಮ ಮೈ. ಗಾಳಿ ಸೀಳೋಕೆ ಬೇಕಾಗೋ ಪವರ್ ಸ್ಪೀಡಿನ ಘನದ ಲೆಕ್ಕದಲ್ಲಿ ಏರತ್ತೆ, 30ರಿಂದ 33ಕ್ಕೆ ಹೋಗೋಕೆ ಮೂರನೇ ಒಂದು ಭಾಗ ಜಾಸ್ತಿ ತುಳೀಬೇಕು. ಹಾಗಾಗಿ ಮೊಣಕೈ ಬಗ್ಗಿಸಿ ಒಂದು ಗಂಟೆ ಆರಾಮಾಗಿ ಕೂರೋಕಾಗೋ ಸೈಕಲ್ಲೇ ಫಾಸ್ಟು, ಹತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ಎದ್ದು ಬೆನ್ನು ಚಾಚೋ ಥರ ಮಾಡೋದು ಎಷ್ಟು ಹಗುರ ಇದ್ರೇನು.

ಟೈರಿಗೆ ಬಂದ್ರೆ, ಫ್ರೇಮಲ್ಲಿ 32 ಮಿ.ಮೀ. ಟೈರ್‌ಗೆ ಜಾಗ ಇದ್ಯಾ ಅಂತ ಕೇಳಿ, ಇಲ್ಲ ಅಂದ್ರೆ ಬಿಡಿ. ಸಸ್ಪೆನ್ಷನ್ ಇಲ್ಲಿ ಇಲ್ಲ, ಇರೋ ಸಸ್ಪೆನ್ಷನ್ ಅಂದ್ರೆ ಟೈರೊಳಗಿನ ಗಾಳಿ, ನಿಮ್ಮ ಮೊಣಕೈ, ಅಷ್ಟೇ. ಗಾಳಿ ವಿಷಯದಲ್ಲಿ ಎಂಟಿಬಿ ಅಭ್ಯಾಸ ಬಿಡ್ಬೇಕು, ಅಲ್ಲಿ 25 ಪಿಎಸ್‌ಐ ಹಾಕಿ ಹೆಬ್ಬೆರಳಲ್ಲಿ ಒತ್ತಿ ನೋಡಿ ಹೊರಡ್ತಿದ್ರಿ, ಇಲ್ಲಿ ಟ್ಯೂಬ್ ಇರೋ 28ರ ಟೈರಿಗೆ ನಿಮ್ಮ ತೂಕ ನೋಡ್ಕೊಂಡು 60-80 ಬೇಕು, ಒತ್ತಿ ನೋಡಿದ್ರೆ ಏನೂ ಗೊತ್ತಾಗಲ್ಲ, ಗೇಜ್ ಇರೋ ಪಂಪ್ ಬೇಕೇ ಬೇಕು. ಕಮ್ಮಿ ಗಾಳೀಲಿ ಗುಂಡಿಗೆ ಇಳಿಸಿದ್ರೆ ರಿಮ್ಮು ಟ್ಯೂಬನ್ನ ಕಚ್ಚತ್ತೆ, ಬಿಚ್ಚಿ ನೋಡಿದ್ರೆ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಅಂದಹಾಗೆ 29 ಇಂಚಿನ ಎಂಟಿಬಿ ರಿಮ್ಮೂ 700ಸಿ ರೋಡ್ ರಿಮ್ಮೂ ಟೈರ್ ಕೂರೋ ಜಾಗದಲ್ಲಿ ಒಂದೇ ಅಳತೆ, 622 ಮಿ.ಮೀ. ಅಂತ ಹಳೇ ವೀಲ್ ಇದಕ್ಕೆ ಹಾಕೋ ಆಸೆ ಮಾತ್ರ ಬೇಡ, ಎಂಟಿಬಿಯ ಬೂಸ್ಟ್ ಹಬ್ (ಚಕ್ರದ ನಡುಭಾಗ) ಹಿಂದೆ 148 ಅಗಲ, ರೋಡ್ ಡಿಸ್ಕ್ ಫ್ರೇಮ್ 142.

ಗೇರ್. ಮುಂದೆ 32 ಹಲ್ಲು, ಹಿಂದೆ 51 ಇರೋ ಎಂಟಿಬಿ ನಿಮ್ದಾದ್ರೆ, ಅತಿ ಹಗುರ ಗೇರಲ್ಲಿ ಪೆಡಲ್ ಒಂದು ಸುತ್ತಿಗೆ ಚಕ್ರ ಮುಕ್ಕಾಲು ಸುತ್ತೂ ತಿರುಗಲ್ಲ. ರೋಡ್ ಬೈಕಲ್ಲಿ 50/34 ಕ್ರ್ಯಾಂಕ್ (ಮುಂದಿನ ಎರಡು ಚಕ್ರಗಳ ಹಲ್ಲು), 11-34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಇದ್ರೆ ಪೂರ್ತಿ ಒಂದು ಸುತ್ತು. ಅದೇ 11-28 ಕ್ಯಾಸೆಟ್ ಕೊಟ್ಟಿದ್ರೆ ಒಂದೂಕಾಲು ಸುತ್ತಿನ ಹತ್ರ, ಕಡಿದಾದ ಏರಲ್ಲಿ ಮಂಡಿ ಅಳತ್ತೆ. ಸೈಕಲ್ ಹಗುರ ಇರೋದ್ರಿಂದ 34 ಹಲ್ಲು ಸಾಕಾಗತ್ತೆ, ಅದಕ್ಕಿಂತ ಕಮ್ಮಿ ಬೇಡ. ಟಾಪ್ ಗೇರಿನ ಚಿಂತೆ ಬಿಡಿ, 50-11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದ್ರೆ ಸ್ಪೀಡು ಐವತ್ತು ದಾಟಿರತ್ತೆ.

ಈಗ ಗ್ರೂಪ್‌ಸೆಟ್. ಟಿಯಾಗ್ರಾ ಹಿಂದೆ 10 ಹಲ್ಲುಚಕ್ರ, ಈಗಿನ 105 ಅಂದ್ರೆ 12, ಎರಡರಲ್ಲೂ 34-34 (ಮುಂದೆ 34, ಹಿಂದೆ 34) ಸಿಗತ್ತೆ. ವ್ಯತ್ಯಾಸ ಇರೋದು ನಡುವಿನ ಮೆಟ್ಟಿಲುಗಳಲ್ಲಿ, 105ರಲ್ಲಿ ಒಂದು ಗೇರಿಂದ ಇನ್ನೊಂದಕ್ಕೆ ಜಿಗಿತ ಸಣ್ಣದು, ಗುಂಪಲ್ಲಿ ಒಂದೇ ಸ್ಪೀಡು ಕಾಯ್ಕೊಂಡು ಹೋಗೋರಿಗೆ ಅದು ಬೇಕು, ಒಬ್ರೇ ಓಡಿಸೋರಿಗೆ ಅಷ್ಟೇನಿಲ್ಲ. ನಾನಾದ್ರೆ ಹೆಸರಿಗಿಂತ ಬ್ರೇಕ್ ನೋಡ್ತೀನಿ. ಎಂಟಿಬಿಯ ಹೈಡ್ರಾಲಿಕ್ ಡಿಸ್ಕ್‌ಗೆ ಒಂದು ಬೆರಳು ಸಾಕಾಗ್ತಿತ್ತು, ಕೇಬಲ್ ಎಳೆಯೋ ಡಿಸ್ಕ್ ಇರೋ ರೋಡ್ ಬೈಕಲ್ಲಿ ಹುಡ್ ಮೇಲೆ ಕೈ ಇಟ್ಟು ಉದ್ದದ ಇಳಿಜಾರು ಇಳಿದು ನೋಡಿ, ಅಂಗೈ ನೋವು ಬರತ್ತೆ. ಹೈಡ್ರಾಲಿಕ್ ಇರೋ ಟಿಯಾಗ್ರಾಗೆ ನನ್ನ ಓಟು. ಶಿಫ್ಟರ್ ಅಭ್ಯಾಸ ಆಗೋಕೆ ಒಂದು ವಾರ ಬೇಕು, ಎಂಟಿಬಿಯಲ್ಲಿ ಹೆಬ್ಬೆರಳಿಗೆ ಹಗುರ ಗೇರ್ ಬರ್ತಿತ್ತಲ್ಲ, ಶಿಮಾನೋ ರೋಡ್ ಶಿಫ್ಟರ್‌ನಲ್ಲಿ ಬಲಗಡೆ ಬ್ರೇಕ್ ಲಿವರನ್ನೇ ಒಳಕ್ಕೆ ತಳ್ಳಬೇಕು. ಅದರ ಹಿಂದಿನ ಸಣ್ಣ ಲಿವರ್ ಒತ್ತಿದ್ರೆ ಗೇರ್ ಇನ್ನೂ ಭಾರ ಆಗತ್ತೆ, ನಾನು ಏರಿನ ನಡುವೆ ಅದನ್ನೇ ಒತ್ತಿ ನಿಂತಲ್ಲೇ ಪಕ್ಕಕ್ಕೆ ವಾಲಿದೀನಿ.

ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವಲು) ಇರ್ಲಿ, ಫ್ರೇಮ್ ಅಲ್ಯೂಮಿನಿಯಂ ಆದ್ರೂ ನಡೆಯತ್ತೆ. 32ರ ಟೈರ್ ಹಾಕಿದ ಅಲ್ಯೂಮಿನಿಯಂ ಸೈಕಲ್ಲು 25ರ ಟೈರಿನ ಕಾರ್ಬನ್‌ಗಿಂತ ಮೆತ್ತಗೆ ಹೋಗತ್ತೆ, ಉಳಿದ ದುಡ್ಡಲ್ಲಿ ಒಳ್ಳೇ ಟೈರ್ ಹಾಕ್ಸಿ. ಪೆಡಲ್ಲು ಶೂ ಹೊಸದು ಬೇಡ, ನಿಮ್ಮ ಎಸ್‌ಪಿಡಿನೇ (ಶೂ ಸಿಕ್ಕಿಸೋ ಪೆಡಲ್) ಬಿಚ್ಚಿ ಹಾಕ್ಬಹುದು, ಎರಡರ ಥ್ರೆಡ್ಡೂ ಒಂದೇ (ಎಡಗಡೇದು ಉಲ್ಟಾ ತಿರುಗತ್ತೆ, ನೆನಪಿರ್ಲಿ).

ಟೆಸ್ಟ್ ರೈಡಲ್ಲಿ ಮೊದಲ ಹತ್ತು ನಿಮಿಷ ಹ್ಯಾಂಡಲ್ ನಡುಗತ್ತೆ, ಹೆದರ್ಬೇಡಿ, 780 ಅಗಲದ ಬಾರ್‌ನಿಂದ 420ಕ್ಕೆ ಬಂದ್ರೆ ಯಾರಿಗಾದ್ರೂ ಹಂಗೇ. ಆಗುತ್ತೆ ಅಂದ್ರೆ ಒಂದು ಗಂಟೆ ಓಡಿಸಿ. ತಗೊಂಡ ಮೇಲೆ ಸ್ಟೆಮ್ ಕೆಳಗಿನ ಸ್ಪೇಸರ್‌ಗಳನ್ನ (ಎತ್ತರ ಕೊಡೋ ಉಂಗುರ) ಹಂಗೇ ಬಿಡೋಕೆ ಹೇಳಿ, ಚೆಂದ ಕಾಣತ್ತೆ ಅಂತ ಯಾರಾದ್ರೂ ಮೊದಲ ದಿನವೇ ಫೋರ್ಕಿನ ಸ್ಟೀರರ್ (ಸ್ಟೆಮ್ ಕೂರೋ ಕೊಳವೆ) ಕತ್ತರಿಸೋಕೆ ಬಂದ್ರೆ ಒಂದೆರಡು ತಿಂಗಳು ಬಿಟ್ಟು ನೋಡೋಣ ಅನ್ನಿ.