ಬಣ್ಣ ಬದಲಿಸುವ ಗಾಜಿಗೆ ಇಂಗಾಲ ಎಷ್ಟು ಬೇಕು?

ಕರೆಂಟ್ ಕೊಟ್ಟರೆ ಬಣ್ಣ ಬದಲಿಸುವ ಅಂಗೈಯಗಲದ ಗಾಜಿನ ಅಂಚಿಗೆ ಕ್ಲಿಪ್ ಸಿಕ್ಕಿಸಿ ಒಂದೆರಡು ವೋಲ್ಟ್ ಕೊಟ್ಟರೆ ಬಣ್ಣ ಒಮ್ಮೆಲೇ ಬರುವುದಿಲ್ಲ. ಕ್ಲಿಪ್ಪಿನ ಪಕ್ಕ ಮೊದಲು ನೀಲಿಯಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಶಾಯಿ ಹಬ್ಬಿದ ಹಾಗೆ ನಡುವಿಗೆ ಸರಿಯುತ್ತದೆ. ಇಷ್ಟು ಚಿಕ್ಕ ತುಂಡಿಗೇ ಹೀಗಾದರೆ ಆಳೆತ್ತರದ ಕಿಟಕಿಯ ಗತಿ ಏನು, ಅಲ್ವಾ?

ಬಣ್ಣ ಕೊಡುವ ಪದರ ಸಾಮಾನ್ಯವಾಗಿ ಟಂಗ್‌ಸ್ಟನ್ ಆಕ್ಸೈಡ್. ವಿಜ್ಞಾನಿ ಎಸ್.ಕೆ. ದೇಬ್ 1969ರಲ್ಲೇ ಇದರ ಬಣ್ಣ ಬದಲಾಗುವ ಗುಣ ತೋರಿಸಿದ್ದರು. ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಲಿಥಿಯಂ ಅಯಾನು (ವಿದ್ಯುದಾವೇಶ ಹೊತ್ತ ಲಿಥಿಯಂ ಕಣ) ಒಳಗೆ ಬಂದರೆ ನೀಲಿ. ವೋಲ್ಟೇಜ್ ತಿರುಗಿಸಿದರೆ ಎರಡೂ ಹೊರಗೆ, ಗಾಜು ತಿಳಿ. ತೊಂದರೆ ಏನೆಂದರೆ, ತಿಳಿಯಾಗಿದ್ದಾಗ ಈ ಆಕ್ಸೈಡಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಸಾಲದ್ದಕ್ಕೆ ಅಯಾನು ಬಂದು ಹೋದಂತೆಲ್ಲ ಪದರ ಉಬ್ಬಿ ಕುಗ್ಗಿ, ಕೊನೆಗೆ ಬಿರುಕು ಬಿಡುತ್ತದೆ.

ಇಲ್ಲಿ ಇಂಗಾಲ ಕೈಹಿಡಿಯುತ್ತದೆ. ಆಕ್ಸೈಡಿನ ಕೆಳಗೆ ಅಥವಾ ಅದರ ಕಣಗಳ ನಡುವೆ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಇಟ್ಟರೆ ಎಲೆಕ್ಟ್ರಾನ್‌ಗೆ ದಾರಿ ಸಿಗುತ್ತದೆ. ಉಬ್ಬಿ ಕುಗ್ಗುವ ಒತ್ತಡವನ್ನೂ ಅದು ಒಂದಿಷ್ಟು ತಡೆದುಕೊಳ್ಳುತ್ತದೆ.

ಆದರೆ ಇಂಗಾಲ ಕಪ್ಪು. ಒಂದೇ ಪದರದ ಗ್ರಾಫೀನ್ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸುಮಾರು 2.3% ನುಂಗುತ್ತದೆ. ನಾಲ್ಕು ಪದರ ಅಂದರೆ ಹತ್ತಿರ ಹತ್ತಿರ 9%. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂದುಕೊಂಡು ನಾನೂ ಒಮ್ಮೆ ದಪ್ಪಗೆ ಹಾಕಿದ್ದೆ. ಬಣ್ಣ ಚಕ್ಕನೆ ಬಂತು. ತಿಳಿಯಾದಾಗ ನೋಡಿದರೆ ಹೊಗೆ ಹಿಡಿದ ಲಾಟೀನಿನ ಗಾಜು!

ಹಾಗಾದರೆ ಗಾಜಿನ ಮೇಲೆ ಕರೆಂಟ್ ಹರಿಸಲು ಈಗಿರುವ ಪಾರದರ್ಶಕ ಪದರ ಇಂಡಿಯಂ ಟಿನ್ ಆಕ್ಸೈಡ್ ತೆಗೆದು ಬರೀ ಗ್ರಾಫೀನನ್ನೇ ವಿದ್ಯುದ್ವಾರ ಮಾಡಬಹುದೇ? ಬಾಗುವ ಪ್ಲಾಸ್ಟಿಕ್ ಹಾಳೆಗಾದರೆ ಸರಿ, ಅಲ್ಲಿ ಇಂಡಿಯಂ ಟಿನ್ ಆಕ್ಸೈಡ್ ಬಿರಿಯುತ್ತದೆ. ದೊಡ್ಡ ಕಿಟಕಿಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಂಟಿ ಪದರದ ಗ್ರಾಫೀನ್ ಕರೆಂಟಿಗೆ ಒಡ್ಡುವ ತಡೆ ಇಂಡಿಯಂ ಟಿನ್ ಆಕ್ಸೈಡಿಗಿಂತ ಹತ್ತಾರು ಪಟ್ಟು ಹೆಚ್ಚು. ಅಂಚಿನಿಂದ ನಡುವಿಗೆ ಬಣ್ಣ ತೆವಳುವ ಕಾಯಿಲೆ ಇನ್ನೂ ಕೆಡುತ್ತದೆ. ಅದು ಸಹಾಯಕನಾಗಿದ್ದರೇ ಚೆನ್ನ.

ಇನ್ನು ಅಂಟಿನ ಕಥೆ. ಗ್ರಾಫೀನ್ ಮೈ ತೀರಾ ನುಣುಪು, ಆಕ್ಸೈಡ್ ಹಿಡಿದು ಕೂರುವುದಿಲ್ಲ. ಆಕ್ಸಿಜನ್ ಪ್ಲಾಸ್ಮಾದಲ್ಲಿ (ವಿದ್ಯುದಾವೇಶಗೊಂಡ ಅನಿಲದಲ್ಲಿ) ಕ್ಷಣಕಾಲ ಇಟ್ಟರೆ ಹಿಡಿತ ಬರುತ್ತದೆ. ಸ್ವಲ್ಪ ಹೆಚ್ಚಾದರೂ ಗ್ರಾಫೀನೇ ಸವೆದು ಕರೆಂಟಿನ ದಾರಿ ಹಾಳು. ಪರೀಕ್ಷೆ ಮಾಡುವ ದೊಡ್ಡ ಯಂತ್ರದ ಮುಂದೆ ಕೂರುವ ಮೊದಲು ನಾನು ಸುಮ್ನೆ ಒಂದು ಟೇಪ್ ಅಂಟಿಸಿ ಎಳೆಯುತ್ತೇನೆ. ನೀಲಿ ಪದರ ಕಿತ್ತು ಟೇಪಿಗೆ ಬಂತೋ, ಆ ತುಂಡು ಕಸದ ಬುಟ್ಟಿಗೆ.