ಮುಂಜಾನೆ ವಾಕಿಂಗ್ ಆತು, ಉಳದ ದಿನ?

ಎರಡು ತಿಂಗಳ ಹಿಂದ ಒಬ್ರು ಬ್ಯಾಂಕ್ ಮ್ಯಾನೇಜರ್ ಮೊಣಕಾಲು ನೋವು ಅಂತ ಬಂದಿದ್ರು, ವಯಸ್ಸು 48. "ದಿನಾ ಮುಂಜಾನೆ ಉಣಕಲ್ ಕೆರಿ ದಂಡಿಗೆ ಅರ್ಧ ತಾಸು ವಾಕಿಂಗ್ ಮಾಡ್ತೀನ್ರಿ ಡಾಕ್ಟ್ರ, ಆದ್ರೂ ಹಿಂಗ್ಯಾಕ?" ಅಂದ್ರು. ಎರಡೂ ಕೈ ಎದಿ ಮ್ಯಾಲೆ ಕಟ್ಕೊಂಡು ಕುರ್ಚಿಯಿಂದ ಏಳ್ರಿ ಅಂದೆ. ಅರ್ಧಕ್ಕ ಎದ್ದು ಧೊಪ್ಪಂತ ಕುಂತ್ರು. ಎರಡನೇ ಸಲ ನಕ್ಕೋತ ಕೈ ಊರಿದ್ರು.

ಫಿಸಿಯೋಥೆರಪಿಯಾಗ ಗುಳಿಗಿಗಿಂತ ಮೊದಲ ದಿನದ ಲೆಕ್ಕ ಕೇಳ್ತೀವಿ. ಬರಸಿದೆ. ಆಫೀಸು, ಕಾರು, ಡೈನಿಂಗ್ ಟೇಬಲ್, ಸೋಫಾ ಎಲ್ಲಾ ಕೂಡಿ ಹನ್ನೊಂದು ತಾಸು ಕುಂತೇ ಇರ್ತಿದ್ರು. ಕ್ಲರ್ಕ್ ಇದ್ದಾಗ ಫೈಲ್ ಹಿಡ್ಕೊಂಡು ಮ್ಯಾಲೆ ಕೆಳಗ ಅಡ್ಡಾಡ್ತಿದ್ರಂತ, ಈಗ ಫೈಲೇ ಟೇಬಲ್ಲಿಗೆ ಬರ್ತದ, ಚಾನೂ. ನಡುವಯಸ್ಸಿನಾಗ ಆಗೋದ ಇದು ನೋಡ್ರಿ, ಇನ್ನ ಮ್ಯಾಲೆ ಅಡ್ಡಾಡಂಗಿಲ್ಲ ಅಂತ ಯಾರೂ ಠರಾವ್ ಮಾಡಿರಂಗಿಲ್ಲ, ಪ್ರಮೋಷನ್ ಬಂತು, ಗಾಡಿ ಬಂತು, ಮೊಣಕಾಲು ಹಿಡೀತಾವಂತ ನೆಲಕ್ಕ ಕುಂತು ಉಣ್ಣೋದು ಬಿಟ್ವಿ, ಹಿಂಗ ಏಳೋದು ಕುಂದ್ರೋದು ಒಂದೊಂದ ಕಳಚ್ಕೋತ ಹೋಗ್ತದ.

ಮೂವತ್ತು ದಾಟಿದ ಮ್ಯಾಲೆ ಹತ್ತು ವರ್ಷಕ್ಕ ಸುಮಾರು 3ರಿಂದ 8 ಪರ್ಸೆಂಟ್ ಮಾಂಸಖಂಡ ಕರಗ್ತದ. ಉಂಡ ಮ್ಯಾಲೆ ರಕ್ತಕ್ಕ ಬರೋ ಸಕ್ಕರಿಗೆ ದೊಡ್ಡ ಗಿರಾಕಿ ಅಂದ್ರ ಈ ಮಾಂಸಖಂಡನ, ಅದರಾಗೂ ತೊಡಿದು. ಕುಂತೇ ಇದ್ರ ಗಿರಾಕಿ ಅಂಗಡಿ ಕಡೆ ತಿರಗಿ ನೋಡಂಗಿಲ್ಲ, ಮಾಲು ಹಂಗ ಬಿದ್ದಿರ್ತದ.

1953ರಾಗ ಜೆರ್ರಿ ಮಾರಿಸ್ ಅನ್ನೋ ಡಾಕ್ಟರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ಮಂದೀದ ಲೆಕ್ಕ ತಗದು ತೋರ್ಸಿದ್ರು, ದಿನವೆಲ್ಲ ಕುಂತ ಡ್ರೈವರ್‌ಗಳಿಗಿಂತ ಮೆಟ್ಟಲಾ ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲಿ ಕಡಿಮಿ ಇತ್ತು. (ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಟಿಕೆಟ್ ಕಂಡಕ್ಟರ್ ಕಡೆ ಅಲ್ಲ, ಸ್ಟೇಷನ್ನಿನಾಗ ತಗೋತೀವಿ, ಆ ಮಾತು ಬ್ಯಾರೆ.)

ವಾರಕ್ಕ 150ರಿಂದ 300 ನಿಮಿಷ ಚುರುಕು ನಡಿಗಿಯಂಥಾ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಎಲ್ಲಾರಿಗೂ ಬಾಯಿಪಾಠ. ಅದರ ಜೋಡಿನ ವಾರಕ್ಕ ಕಡಿಮಿ ಅಂದ್ರೂ ಎರಡು ದಿನ ಮಾಂಸಖಂಡಕ್ಕ ಕೆಲಸ ಕೊಡ್ರಿ, ಕುಂದ್ರೋದು ಕಡಿಮಿ ಮಾಡ್ರಿ ಅಂತನೂ ಅದ, ಅದನ್ನ ಯಾರೂ ಓದಂಗಿಲ್ಲ. ಮ್ಯಾನೇಜರ್ ಸಾಹೇಬ್ರಿಗೆ ವಾಕಿಂಗ್ ಹೆಚ್ಚು ಮಾಡ್ರಿ ಅಂತ ನಾ ಹೇಳಲೇ ಇಲ್ಲ. ಊಟಕ್ಕ ಮೊದಲ ಹತ್ತು ಸಲ ಕುರ್ಚಿಯಿಂದ ಎದ್ದು ಕುಂದ್ರೋದು, ಮೊದಮೊದಲ ಕುರ್ಚಿ ಮ್ಯಾಲೆ ದಿಂಬು ಇಟ್ಕೊಂಡು, ಫೋನ್ ಬಂದ್ರ ನಿಂತು ಮಾತಾಡೋದು, ಫೈಲ್ ಬೇಕಂದ್ರ ತಾವ ಹೋಗಿ ತರೋದು.

ಮೊನ್ನೆ ಬಂದಾಗ ಕೈ ಊರದ ಏಳು ಸಲ ಎದ್ರು. ನೋವು ಪೂರಾ ಹೋಗಿಲ್ಲ. "ಒಂದ ತ್ರಾಸ್ರಿ," ಅಂದ್ರು, "ನಾ ಕೌಂಟರ್ ಕಡೆ ಎದ್ದು ಹೋದ್ರ ಸ್ಟಾಫ್‌ನವ್ರೆಲ್ಲ ಚೆಕಿಂಗಿಗೆ ಬಂದೆ ಅಂತ ಗಾಬರಿ ಆಗ್ತಾರ."