ಹಳೇ ಗೋವಾದ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ದೇಹ ಎಲ್ಲಿದೆ?

ಅಲ್ಲಿಲ್ಲ. ರಜೆ ಬಂತು ಅಂದ್ರೆ ಇದೇ ಪ್ರಶ್ನೆ, ನನ್ನದೂ ಅದೇ ಉತ್ತರ. ರಸ್ತೆ ದಾಟಿ. ಗಾರೆ ಇಲ್ಲದೆ ಕೆಂಪು ಕಲ್ಲು ಕಾಣುವ ಬಾಮ್ ಜೀಸಸ್ ಬೆಸಿಲಿಕಾ ಇದೆಯಲ್ಲ, ದೇಹ ಇರುವುದು ಅದರೊಳಗೆ, ಬೆಳ್ಳಿ ಪೆಟ್ಟಿಗೆಯಲ್ಲಿ. ಸೆ ಕೆಥೆಡ್ರಲ್ ಬೆನ್ನಿಗಿರುವ ಬಿಳಿ ಚರ್ಚು ಅಸಿಸಿಯ ಫ್ರಾನ್ಸಿಸ್ ಅವರದು.

ಹೆಸರು ಒಂದೇ ಅಂದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗಿಬಿಡ್ತಾರಾ? ಅಸಿಸಿಯ ಫ್ರಾನ್ಸಿಸ್ ಇಟಲಿಯವರು, ತೀರಿಕೊಂಡಿದ್ದು 1226ರಲ್ಲಿ. ಭಾರತಕ್ಕೆ ಬಂದೇ ಇಲ್ಲ. ವಾಸ್ಕೋ ಡ ಗಾಮ ಹುಟ್ಟೋದಕ್ಕೇ ಇನ್ನೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಬಾಕಿ ಇತ್ತು! ಝೇವಿಯರ್ ಹುಟ್ಟಿದ್ದು 1506ರಲ್ಲಿ, ಈಗಿನ ಸ್ಪೇನಿನ ನವಾರೆಯಲ್ಲಿ. 1542ರಲ್ಲಿ ಗೋವಾಕ್ಕೆ ಬಂದರು, 1552ರಲ್ಲಿ ಚೀನಾದ ತೀರದ ದ್ವೀಪವೊಂದರಲ್ಲಿ ತೀರಿಕೊಂಡರು, ದೇಹ ಗೋವಾ ತಲುಪಿದ್ದು 1554ರಲ್ಲಿ. ಅವರು ಜೆಸುಯಿಟ್ ಎಂಬ ಕ್ರೈಸ್ತ ಪಂಗಡದವರು. ಈ ಚರ್ಚು, ಅದಕ್ಕೆ ಸೇರಿದ ಕಾನ್ವೆಂಟ್ (ಸನ್ಯಾಸಿಗಳ ಮಠ) ಎರಡೂ ಅಸಿಸಿಯ ಫ್ರಾನ್ಸಿಸ್ ಹಾದಿ ಹಿಡಿದ ಫ್ರಾನ್ಸಿಸ್ಕನ್ ಸನ್ಯಾಸಿಗಳದ್ದು, ಅವರು 1517ರಲ್ಲೇ ಗೋವಾಕ್ಕೆ ಬಂದಾಗಿತ್ತು, ಆಗ ಝೇವಿಯರ್ ಇನ್ನೂ ಸಣ್ಣ ಹುಡುಗ.

"ಗೈಡೇ ಹೇಳಿದ್ರು ಸಾರ್" ಅನ್ನುವವರಿಗೆ: ಒಳಗೆ ಹೋಗಿ ಬಲಿಪೀಠ ನೋಡಿ. ಚಿನ್ನದ ಲೇಪದ ಬರೋಕ್ ಕೆತ್ತನೆ, ನಡುವೆ ಶಿಲುಬೆಯ ಯೇಸು, ಜೊತೆಗೆ ಅಸಿಸಿಯ ಫ್ರಾನ್ಸಿಸ್. ಕೆಳಗೆ ಅವರ ಮೂರು ವ್ರತಗಳನ್ನೂ ಬರೆದಿದ್ದಾರೆ: ಬಡತನ, ವಿನಯ, ವಿಧೇಯತೆ. ಅಕ್ಕಪಕ್ಕದ ಮರದ ಹಲಗೆಯ ಚಿತ್ರಗಳೂ ಅವರ ಬದುಕಿನವೇ. ಇದಕ್ಕಿಂತ ಸಾಕ್ಷಿ ಬೇಕಾ? ಒಂದು ಮಾತು ನಿಜ, ಹತ್ತು ವರ್ಷಕ್ಕೊಮ್ಮೆ ಝೇವಿಯರ್ ದೇಹವನ್ನು ದರ್ಶನಕ್ಕಂತ ಸೆ ಕೆಥೆಡ್ರಲ್‌ಗೆ ತರುತ್ತಾರೆ, ಕಳೆದ ಸಲ 2024ರ ನವೆಂಬರಿನಲ್ಲಿ ತಂದಿದ್ದರು. ಆಗಲೂ ಅದು ಪಕ್ಕದ ಕಟ್ಟಡ, ಇದಲ್ಲ.

ಚರ್ಚು 1661ರದು. ಬಾಗಿಲು ಮಾತ್ರ ಇನ್ನೂ ಹಳೆಯದು, ಮೊದಲಿದ್ದ ಚರ್ಚಿನ ಕಪ್ಪು ಕಲ್ಲಿನ ದ್ವಾರವನ್ನು ಹಾಗೇ ಉಳಿಸಿಕೊಂಡಿದ್ದಾರೆ. ಒಳಗೆ ಕಾಲಕೆಳಗೆ ನೋಡಿಕೊಂಡು ನಡೆಯಿರಿ, ನೆಲದಲ್ಲಿ ಲಾಂಛನ ಕೆತ್ತಿದ ಗೋರಿಕಲ್ಲುಗಳಿವೆ.

ಕಾನ್ವೆಂಟ್ ಏನಾಯ್ತು ಅಂತ ಯಾರೂ ಕೇಳೋದಿಲ್ಲ, ನಾನೇ ಹೇಳ್ತೀನಿ. ಪೋರ್ಚುಗೀಸ್ ಸರ್ಕಾರ 1830ರ ದಶಕದಲ್ಲಿ ಸನ್ಯಾಸಿಗಳ ಪಂಗಡಗಳನ್ನೇ ರದ್ದು ಮಾಡಿತು, ಕಟ್ಟಡ ಖಾಲಿಯಾಯಿತು. 1964ರಿಂದ ಅದು ಪುರಾತತ್ವ ಇಲಾಖೆಯ ಮ್ಯೂಸಿಯಂ. ಮಹಡಿ ಮೇಲೆ ಸಾಲಾಗಿ ಪೋರ್ಚುಗೀಸ್ ವೈಸ್‌ರಾಯ್‌ಗಳ ಚಿತ್ರಗಳು. ನಮ್ಮವರು ನೋಡಬೇಕಾದ್ದು ಕದಂಬರ ಕಾಲದ ವೀರಗಲ್ಲು. ಗೋವಾ ಕದಂಬರು ಅಂದರೆ ನಮ್ಮ ಖಾನಾಪುರದ ಹಲಸಿಯನ್ನೂ ಆಳಿದವರು, ಅಲ್ವಾ? ಆದರೆ ನಮ್ಮ ಟೂರಿಸ್ಟ್ ಬಸ್ಸುಗಳಿಗೆ ಇದಕ್ಕೆ ಹತ್ತು ನಿಮಿಷವೂ ಇರೋದಿಲ್ಲ. ಶುಕ್ರವಾರ ಮಾತ್ರ ಹೋಗಬೇಡಿ, ಮ್ಯೂಸಿಯಂಗೆ ರಜೆ.